ಇರುಳಿನಲ್ಲಿ ಡ್ರೋನ್ ಹಾರಾಟ: ಕಾಣದ ತಂತಿ, ಕಾಯದ ಸೆನ್ಸರ್

ಮದುವೆಯ ಆರತಕ್ಷತೆ, ಊರ ಜಾತ್ರೆ, ಗಣೇಶ ವಿಸರ್ಜನೆಯ ಮೆರವಣಿಗೆ, ಬಡಾವಣೆಯ ರಾಜ್ಯೋತ್ಸವ ಮೊದಲಾದ ಸಮಾರಂಭಗಳಲ್ಲಿ ಹೆಚ್ಚಿನವು ರಂಗೇರುವುದು ಹೊತ್ತು ಮುಳುಗಿದ ಮೇಲೆ. ದೀಪಾಲಂಕಾರದ ಸೊಬಗನ್ನು ಮೇಲಿನಿಂದ ಸೆರೆಹಿಡಿಯಲು ಡ್ರೋನ್ ಕ್ಯಾಮೆರಾ ಈಗ ಅನಿವಾರ್ಯ ಎಂಬಂತಾಗಿದೆ. ಆದರೆ ಅಂಥ ಜಾಗಗಳಲ್ಲೇ ವಿದ್ಯುತ್ ತಂತಿ, ಕೇಬಲ್, ಬ್ಯಾನರ್ ಕಟ್ಟಿದ ಹಗ್ಗ, ಮರದ ಕೊಂಬೆ, ಮೊಬೈಲ್ ಗೋಪುರ, ಬಹುಮಹಡಿ ಕಟ್ಟಡಗಳೂ ಇರುತ್ತವೆ. ಕೆಳಗೆ ಜನಜಂಗುಳಿ ಇರುತ್ತದೆ. ಹಗಲಿನಲ್ಲಿ ನಿರಾಯಾಸವಾಗಿ ಹಾರುವ ಅದೇ ಯಂತ್ರ, ಅದೇ ಚಾಲಕನ ಕೈಯಲ್ಲಿ, ಕತ್ತಲಾದ ಮೇಲೆ ಅಪಾಯಕಾರಿಯಾಗುವುದೇಕೆ? ಇದಕ್ಕೆ ಒಂದೇ ಕಾರಣವಿಲ್ಲ. ಮನುಷ್ಯನ ಕಣ್ಣು, ಕ್ಯಾಮೆರಾ, ಅಡೆತಡೆ ಗುರುತಿಸುವ ಸೆನ್ಸರ್, ಸ್ಥಾನ ಹಿಡಿದಿಡುವ ವ್ಯವಸ್ಥೆ ಇವೆಲ್ಲವೂ ಏಕಕಾಲಕ್ಕೆ ದುರ್ಬಲವಾಗುವುದೇ ರಾತ್ರಿ ಹಾರಾಟದ ಮೂಲ ಸಮಸ್ಯೆ.

ಸ್ಟೇಟನ್ ಐಲ್ಯಾಂಡ್ ಪ್ರಕರಣ

2017ರ ಸೆಪ್ಟೆಂಬರ್ 21ರ ಸಂಜೆ ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್ ಕರಾವಳಿಯ ಸಮೀಪ ನಡೆದ ಘಟನೆ ಈ ವಿಷಯದಲ್ಲಿ ಪಾಠವಾಗಿ ಉಳಿದಿದೆ. ಸೂರ್ಯಾಸ್ತವಾಗಿ ಸುಮಾರು ಅರ್ಧ ಗಂಟೆಯಾಗಿತ್ತು. ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಸುಮಾರು 300 ಅಡಿ, ಎಂದರೆ 90 ಮೀಟರ್ ಎತ್ತರದಲ್ಲಿ ಸಾಗುತ್ತಿದ್ದಾಗ ಫ್ಯಾಂಟಮ್ 4 ಮಾದರಿಯ ಖಾಸಗಿ ಡ್ರೋನ್ ಅದಕ್ಕೆ ಡಿಕ್ಕಿ ಹೊಡೆಯಿತು. ಹೆಲಿಕಾಪ್ಟರಿನ ಮುಖ್ಯ ರೆಕ್ಕೆಗೆ ತಗ್ಗು ಬಿದ್ದಿತು. ಡ್ರೋನಿನ ಒಂದು ಮೋಟಾರು ಹಾಗೂ ತೋಳಿನ ಭಾಗ ಹೆಲಿಕಾಪ್ಟರಿನಲ್ಲೇ ಸಿಕ್ಕಿಕೊಂಡಿತ್ತು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ.

ಡ್ರೋನ್ ಹಾರಿಸುತ್ತಿದ್ದ ವ್ಯಕ್ತಿ ಇದ್ದದ್ದು ಸುಮಾರು 4 ಕಿ.ಮೀ. ದೂರದಲ್ಲಿ. ಡ್ರೋನ್ ಆತನ ಕಣ್ಣಿಗೆ ಕಾಣುತ್ತಿರಲಿಲ್ಲ. ಸಂಪರ್ಕ ಕಡಿದುಹೋದಾಗ ಯಂತ್ರ ಕೆಟ್ಟು ನೀರಿಗೆ ಬಿದ್ದಿರಬೇಕೆಂದು ಆತ ಭಾವಿಸಿದ. ತನಿಖಾಧಿಕಾರಿಗಳು ಸಂಪರ್ಕಿಸುವವರೆಗೆ ಡಿಕ್ಕಿ ಸಂಭವಿಸಿದ ಸಂಗತಿಯೇ ಆತನಿಗೆ ತಿಳಿದಿರಲಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯ ನಿಮಿತ್ತ ಆ ಪ್ರದೇಶದಲ್ಲಿ ತಾತ್ಕಾಲಿಕ ಹಾರಾಟ ನಿರ್ಬಂಧವಿತ್ತು ಎಂಬುದೂ ಆತನ ಗಮನಕ್ಕೆ ಬಂದಿರಲಿಲ್ಲ. ಉದ್ದೇಶಪೂರ್ವಕವಾಗಿ ದೃಷ್ಟಿಯ ಮಿತಿ ಮೀರಿ ಹಾರಿಸಿದ್ದರಿಂದ ಹೆಲಿಕಾಪ್ಟರನ್ನು ಕಂಡು ತಪ್ಪಿಸಲಾಗಲಿಲ್ಲ ಎಂದೂ, ನಿಯಮಗಳ ಅರಿವಿನ ಕೊರತೆ ಅದಕ್ಕೆ ಪೂರಕವಾಯಿತೆಂದೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ತೀರ್ಮಾನಿಸಿತು.

ಕಣ್ಣಿಗೆ ಕತ್ತಲೆ ಒಡ್ಡುವ ಮಿತಿ

ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಪ್ರಖರವಾದ ಬೆಳಕನ್ನು ನೋಡಿದರೆ ಈ ಹೊಂದಾಣಿಕೆ ಕ್ಷಣಾರ್ಧದಲ್ಲಿ ಕಳೆದುಹೋಗುತ್ತದೆ. ಡ್ರೋನ್ ಚಾಲಕನ ಪಾಡು ಇಲ್ಲೇ ವಿಚಿತ್ರವಾದದ್ದು. ಒಂದು ಕ್ಷಣ ಕೈಯಲ್ಲಿರುವ ಮೊಬೈಲಿನ ಬೆಳಗುವ ಪರದೆಯನ್ನು ನೋಡಬೇಕು, ಮರುಕ್ಷಣ ಕಪ್ಪು ಆಕಾಶವನ್ನು ನೋಡಬೇಕು. ಹೀಗೆ ಪದೇ ಪದೇ ದೃಷ್ಟಿ ಬದಲಿಸುವವನ ಕಣ್ಣು ಎಂದೂ ಕತ್ತಲೆಗೆ ಒಗ್ಗುವುದಿಲ್ಲ.

ಇನ್ನೊಂದು ತೊಡಕು ಕಣ್ಣಿನ ರಚನೆಯಲ್ಲೇ ಇದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕೋಶಗಳು ಅಕ್ಷಿಪಟದ ಕೇಂದ್ರಬಿಂದುವಿನಲ್ಲಿ ಇರುವುದಿಲ್ಲ. ಆದಕಾರಣ ಕತ್ತಲೆಯಲ್ಲಿ ಒಂದು ವಸ್ತುವನ್ನು ನೇರವಾಗಿ ದಿಟ್ಟಿಸಿದರೆ ಅದು ಮಸುಕಾಗುತ್ತದೆ, ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿರುವ ಒಂಟಿ ದೀಪವನ್ನು ಎವೆಯಿಕ್ಕದೆ ನೋಡುತ್ತಿದ್ದರೆ ನಿಂತ ದೀಪವೇ ಚಲಿಸಿದಂತೆ ಭಾಸವಾಗುತ್ತದೆ. ವಿಮಾನ ಚಾಲಕರಿಗೆ ತರಬೇತಿಯಲ್ಲೇ ಈ ಭ್ರಮೆಯ ಕುರಿತು ಎಚ್ಚರಿಕೆ ನೀಡಲಾಗುತ್ತದೆ.

ದೂರದ ಅಂದಾಜು ತಪ್ಪುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹಗಲಿನಲ್ಲಿ ಡ್ರೋನಿನ ಗಾತ್ರ, ಹಿನ್ನೆಲೆಯ ಮರ ಮತ್ತು ಕಟ್ಟಡಗಳನ್ನು ಹೋಲಿಸಿ ಅದು ಎಷ್ಟು ದೂರವಿದೆ ಎಂಬುದನ್ನು ಮನಸ್ಸು ಲೆಕ್ಕಹಾಕುತ್ತದೆ. ರಾತ್ರಿ ಕಾಣುವುದು ಒಂದೆರಡು ದೀಪದ ಚುಕ್ಕಿಗಳು ಮಾತ್ರ. ಆ ಚುಕ್ಕಿ ಕಟ್ಟಡದ ಮುಂದಿದೆಯೋ ಹಿಂದಿದೆಯೋ, ಮರಕ್ಕಿಂತ 5 ಮೀಟರ್ ಈಚೆಗಿದೆಯೋ 20 ಮೀಟರ್ ಈಚೆಗಿದೆಯೋ ಎಂದು ನೆಲದ ಮೇಲೆ ನಿಂತವನು ಖಚಿತವಾಗಿ ಹೇಳಲಾರ.

ಕ್ಯಾಮೆರಾಗೆ ತಂತಿ ಏಕೆ ಕಾಣದು?

ಪರದೆಯನ್ನೇ ನಂಬಿ ಹಾರಿಸಿದರಾಯಿತು ಎಂಬ ಭಾವನೆ ಹಲವರಲ್ಲಿದೆ. ಸರಳ ಲೆಕ್ಕವೊಂದು ಈ ಭಾವನೆಯ ಟೊಳ್ಳುತನವನ್ನು ತೋರಿಸಿಕೊಡುತ್ತದೆ. 11 ಸಾವಿರ ವೋಲ್ಟ್ ಮಾರ್ಗದಲ್ಲಿ ಸಾಮಾನ್ಯವಾಗಿ ಬಳಸುವ ಅಲ್ಯುಮಿನಿಯಂ ತಂತಿಯ ದಪ್ಪ ಸುಮಾರು 1 ಸೆಂ.ಮೀ. ಡ್ರೋನಿನ ಕ್ಯಾಮೆರಾ 84 ಡಿಗ್ರಿ ಅಗಲದ ನೋಟವನ್ನು 1,920 ಚುಕ್ಕಿಗಳಲ್ಲಿ ಪರದೆಗೆ ಕಳಿಸುತ್ತದೆ ಎಂದಿಟ್ಟುಕೊಳ್ಳೋಣ. 20 ಮೀಟರ್ ದೂರದಲ್ಲಿ ಒಂದು ಚುಕ್ಕಿ ಸುಮಾರು ಒಂದೂವರೆ ಸೆಂ.ಮೀ. ಅಗಲವನ್ನು ಪ್ರತಿನಿಧಿಸುತ್ತದೆ. ಅಂದರೆ ತಂತಿ ಪರದೆಯ ಒಂದು ಚುಕ್ಕಿಯನ್ನೂ ತುಂಬುವುದಿಲ್ಲ. ಹಗಲಿನಲ್ಲಿ ಬಿಳಿ ಆಕಾಶದ ಎದುರು ಅದು ಮಸುಕಾದ ಗೆರೆಯಾಗಿಯಾದರೂ ಕಂಡೀತು. ರಾತ್ರಿ ಕಪ್ಪಿನ ಮೇಲೆ ಕಪ್ಪು ಗೆರೆ ಕಾಣುವ ಮಾತೇ ಇಲ್ಲ.

ವೇಗದ ಲೆಕ್ಕವನ್ನೂ ಇದಕ್ಕೆ ಸೇರಿಸಬೇಕು. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಸಾಗುವ ಡ್ರೋನಿನ ಚಾಲಕ ಅಪಾಯವನ್ನು ಕಂಡು ಕೈಯಾಡಿಸಲು ಒಂದು ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಯಂತ್ರ 10 ಮೀಟರ್ ಮುಂದೆ ಹೋಗಿರುತ್ತದೆ. ಸಾಧಾರಣ ಬಿರುಸಿನಿಂದ ತಡೆ ಹಾಕಿದರೂ ನಿಲ್ಲಲು ಇನ್ನೂ ಸುಮಾರು 10 ಮೀಟರ್ ಬೇಕು. ಹೀಗೆ ನಿಲ್ಲಲು 20 ಮೀಟರ್ ಬೇಕಾದ ವೇಗದಲ್ಲಿ, 20 ಮೀಟರಿಗೆ ಕಾಣದ ತಂತಿಯತ್ತ ಸಾಗಿದರೆ ಡಿಕ್ಕಿ ನಿಶ್ಚಿತ. ಚಿತ್ರ ಪರದೆಗೆ ತಲುಪುವಲ್ಲಿ ಆಗುವ ವಿಳಂಬವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಹಗಲಿನಲ್ಲೇ ತಂತಿ ಎಂಥ ತೊಂದರೆ ತಂದೊಡ್ಡಬಲ್ಲದು ಎಂಬುದಕ್ಕೆ 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ವೆಸ್ಟ್ ಹಾಲಿವುಡ್‌ನಲ್ಲಿ ನಡೆದ ಘಟನೆ ಸಾಕ್ಷಿ. ವಿದ್ಯುತ್ ತಂತಿಗೆ ಬಡಿದ ಒಂದು ಪುಟ್ಟ ಡ್ರೋನಿನಿಂದಾಗಿ ಅಲ್ಲಿ ನೂರಾರು ಗ್ರಾಹಕರು ಕೆಲವು ಗಂಟೆಗಳ ಕಾಲ ವಿದ್ಯುತ್ ಇಲ್ಲದೆ ಕಳೆಯಬೇಕಾಯಿತು.

ದೀಪದ ಮೇಲೆ ಕತ್ತಲೆ

ಇಂದಿನ ಹಲವು ಡ್ರೋನ್‌ಗಳಲ್ಲಿ ಅಡೆತಡೆ ಗುರುತಿಸುವ ಸೆನ್ಸರ್‌ಗಳಿವೆ. ಇವುಗಳಲ್ಲಿ ಬಹುಪಾಲು ಜೋಡಿ ಕ್ಯಾಮೆರಾಗಳೇ. ಎರಡು ಕ್ಯಾಮೆರಾಗಳಿಗೆ ಕಾಣುವ ಚಿತ್ರಗಳ ವ್ಯತ್ಯಾಸದಿಂದ ದೂರವನ್ನು ಲೆಕ್ಕಹಾಕುವ ಈ ವ್ಯವಸ್ಥೆಗೆ ಬೆಳಕು ಬೇಕೇ ಬೇಕು. ಹಲವು ಮಾದರಿಗಳ ಕೈಪಿಡಿಗಳು ಕನಿಷ್ಠ 15 ಲಕ್ಸ್ ಬೆಳಕಿರಬೇಕೆಂದು ಸೂಚಿಸುತ್ತವೆ. ಹುಣ್ಣಿಮೆಯ ಬೆಳದಿಂಗಳು ನೀಡುವ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ದೀಪವಿರುವ ಬಡಾವಣೆಯ ರಸ್ತೆಯ ಮೇಲೆ ಹತ್ತರ ಆಸುಪಾಸಿನಲ್ಲಿ ಬೆಳಕಿದ್ದೀತು, ಅದೂ ನೆಲದ ಮೇಲೆ.

ದೀಪದ ಕೆಳಗೆ ಕತ್ತಲೆ ಎಂಬುದು ಗಾದೆ. ಬೀದಿದೀಪದ ವಿಷಯದಲ್ಲಿ ಕತ್ತಲೆ ಇರುವುದು ದೀಪದ ಮೇಲೆ. ದೀಪದ ಮುಖ ಕೆಳಕ್ಕಿರುವುದರಿಂದ ಅದಕ್ಕಿಂತ ಮೇಲಿರುವ ತಂತಿ, ಕೊಂಬೆ, ತಾರಸಿಯ ಅಂಚುಗಳು ಬೆಳಕಿನ ವೃತ್ತದಿಂದ ಹೊರಗೇ ಉಳಿಯುತ್ತವೆ. ಡ್ರೋನ್ ಹಾರುವುದು ಇದೇ ಕತ್ತಲ ಪದರದಲ್ಲಿ. ರಸ್ತೆ ಝಗಮಗಿಸುತ್ತಿದೆ ಎಂಬ ಕಾರಣಕ್ಕೆ ಆಕಾಶವೂ ಸುರಕ್ಷಿತ ಎಂದು ಭಾವಿಸುವುದು ತಪ್ಪು.

ಬೆಳಕು ಸಾಲದಾದಾಗ ಸೆನ್ಸರ್‌ಗಳು ತಾವಾಗಿಯೇ ನಿಷ್ಕ್ರಿಯವಾಗುತ್ತವೆ. ಪರದೆಯ ಮೂಲೆಯಲ್ಲಿ ಮೂಡುವ ಸಣ್ಣ ಸೂಚನೆಯನ್ನು ಚಾಲಕ ಗಮನಿಸದೆ ಹೋಗುವ ಸಾಧ್ಯತೆ ಹೆಚ್ಚು. ಹಗಲಿನ ಹಾರಾಟದಲ್ಲಿ ಗೋಡೆಯ ಮುಂದೆ ತಾನಾಗಿ ನಿಂತ ಯಂತ್ರ ರಾತ್ರಿಯೂ ನಿಂತೀತು ಎಂಬ ನಂಬಿಕೆಯೇ ಹಲವು ಅವಘಡಗಳಿಗೆ ದಾರಿಯಾಗುತ್ತದೆ. ತೆಳು ತಂತಿ, ಎಲೆ ಉದುರಿದ ಕೊಂಬೆ, ಗಾಜಿನ ಗೋಡೆ ಮತ್ತು ನೀರಿನ ಮೇಲ್ಮೈಗಳನ್ನು ಹಗಲಿನಲ್ಲಿಯೂ ಈ ಸೆನ್ಸರ್‌ಗಳು ಸರಿಯಾಗಿ ಗುರುತಿಸಲಾರವು. ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್ ಅಳವಡಿಸಿದ ಸಣ್ಣ ಡ್ರೋನ್‌ಗಳು 2024ರಿಂದೀಚೆಗೆ ಬಂದಿವೆ. ಕತ್ತಲೆಯಲ್ಲಿ ಗೋಡೆ, ಮರಗಳನ್ನು ಗುರುತಿಸಲು ಇವು ಸಮರ್ಥವಾದರೂ ಸಣ್ಣ ತಂತಿಯ ವಿಷಯದಲ್ಲಿ ಇವುಗಳನ್ನೂ ಪೂರ್ತಿ ನೆಚ್ಚುವಂತಿಲ್ಲ.

ಎರಡೂ ಆಸರೆ ತಪ್ಪಿದಾಗ

ಗಾಳಿಯಲ್ಲಿ ಒಂದೆಡೆ ನಿಲ್ಲಲು ಡ್ರೋನಿಗೆ ಎರಡು ಆಸರೆಗಳಿವೆ. ಒಂದು ಉಪಗ್ರಹಗಳ ಸಂಕೇತ, ಇನ್ನೊಂದು ನೆಲದ ಚಹರೆಯನ್ನು ಗುರುತಿಸುವ ಕೆಳಮುಖ ಕ್ಯಾಮೆರಾ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹ ಸಂಕೇತಗಳು ಗೋಡೆಗಳಿಗೆ ಬಡಿದು ಪ್ರತಿಫಲಿಸಿ ಬರುವುದರಿಂದ ಸ್ಥಾನದ ಲೆಕ್ಕ ಹಲವು ಮೀಟರ್ ತಪ್ಪಬಹುದು, ಕೆಲವೊಮ್ಮೆ ಸಂಕೇತವೇ ಸಿಗದಿರಬಹುದು. ಹಗಲಿನಲ್ಲಾದರೆ ಕೆಳಮುಖ ಕ್ಯಾಮೆರಾ ಆ ಕೊರತೆಯನ್ನು ತುಂಬಿಕೊಡುತ್ತದೆ. ರಾತ್ರಿ ಅದಕ್ಕೂ ಕಣ್ಣಿಲ್ಲ. ಎರಡೂ ಆಸರೆ ಕಳೆದುಕೊಂಡ ಡ್ರೋನ್ ಗಾಳಿ ಬೀಸಿದತ್ತ ತೇಲಿಹೋಗುತ್ತದೆ. ಕಟ್ಟಡಗಳ ಮೂಲೆಗಳಲ್ಲಿ ಗಾಳಿಯ ದಿಕ್ಕು, ವೇಗಗಳು ಹಠಾತ್ತನೆ ಬದಲಾಗುವುದರಿಂದ ಗೋಡೆಗೆ ಬಡಿಯಲು ಕೆಲವೇ ಸೆಕೆಂಡುಗಳು ಸಾಕು.

ಕಬ್ಬಿಣದ ಗೋಪುರ, ಮೆಟ್ರೊ ಮಾರ್ಗದ ಕಂಬಗಳು, ಕಾಂಕ್ರೀಟ್ ತಾರಸಿಯೊಳಗಿನ ಸರಳುಗಳು ಡ್ರೋನಿನ ದಿಕ್ಸೂಚಿಯನ್ನು ದಾರಿ ತಪ್ಪಿಸಬಲ್ಲವು. ದಿಕ್ಕಿನ ಅರಿವು ತಪ್ಪಿದ ಯಂತ್ರ ತನ್ನ ಸ್ಥಾನವನ್ನು ಸರಿಪಡಿಸಿಕೊಳ್ಳಲು ಹೋಗಿ ಸುರುಳಿಯಾಕಾರದಲ್ಲಿ ಸುತ್ತುತ್ತಾ ದೂರ ಸರಿಯುವುದುಂಟು. ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ದೀಪದ ಬಣ್ಣದಿಂದ ತಿಳಿಯದ ಚಾಲಕ ಗಾಬರಿಯಲ್ಲಿ ವಿರುದ್ಧ ದಿಕ್ಕಿಗೆ ಕೋಲು ತಳ್ಳುವ ಸಂಭವವೇ ಹೆಚ್ಚು.

ಮರಳಿ ಬರುವ ಹಾದಿಯ ಬಲೆ

ಸಂಪರ್ಕ ಕಡಿದರೆ ಅಥವಾ ಬ್ಯಾಟರಿ ಕುಸಿದರೆ ಹೊರಟ ಜಾಗಕ್ಕೆ ತಾನಾಗಿ ಮರಳುವ ವ್ಯವಸ್ಥೆ ಬಹುತೇಕ ಡ್ರೋನ್‌ಗಳಲ್ಲಿದೆ. ಮೊದಲೇ ನಿಗದಿಪಡಿಸಿದ ಎತ್ತರಕ್ಕೆ ಏರಿ, ಅಲ್ಲಿಂದ ನೇರ ರೇಖೆಯಲ್ಲಿ ಹಿಂದಿರುಗುವುದು ಇದರ ಸಾಮಾನ್ಯ ಕ್ರಮ. ನಿಗದಿಪಡಿಸಿದ ಎತ್ತರ 30 ಮೀಟರ್ ಇದ್ದು ದಾರಿಯಲ್ಲಿ ಹದಿನೈದು ಮಹಡಿಯ ವಸತಿ ಸಮುಚ್ಚಯವಿದ್ದರೆ ಪರಿಣಾಮ ಊಹಿಸಬಹುದು. ಹಗಲಿನಲ್ಲಿ ಸೆನ್ಸರ್ ತಡೆದೀತು. ರಾತ್ರಿ ಅದನ್ನು ತಡೆಯುವವರಿಲ್ಲ. ಕೊಂಬೆ ಅಥವಾ ಮಂಟಪದ ಕೆಳಗೆ ಹಾರುತ್ತಿರುವಾಗ ಸಂಪರ್ಕ ತಪ್ಪಿದರೆ ನೇರ ಮೇಲಕ್ಕೇರುವ ಕ್ರಿಯೆಯೇ ಡಿಕ್ಕಿಗೆ ಕಾರಣವಾಗುತ್ತದೆ.

ಪರದೆಯ ಮೇಲಿನ ಎತ್ತರ ಹೊರಟ ಜಾಗದಿಂದ ಅಳೆದದ್ದು ಎಂಬುದನ್ನು ಮಲೆನಾಡು, ಗುಡ್ಡಗಾಡು ಪ್ರದೇಶಗಳಲ್ಲಿ ಮರೆಯುವಂತಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟವು ನಗರದ ಮಟ್ಟಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಬುಡದಿಂದ ಹೊರಟ ಡ್ರೋನಿಗೆ ಮರಳುವ ಎತ್ತರ 100 ಮೀಟರ್ ಎಂದು ಗೊತ್ತುಪಡಿಸಿದ್ದರೆ ಅದರ ಹಾದಿಯಲ್ಲಿ ಬೆಟ್ಟವೇ ಅಡೆತಡೆ. ಹಗಲು ಕಣ್ಣೆದುರು ಕಾಣುವ ಬೆಟ್ಟ ಇರುಳಿನಲ್ಲಿ ಆಕಾಶದಲ್ಲಿ ಬೆರೆತುಹೋಗುತ್ತದೆ.

ಗೋಪುರಗಳ ಕೆಂಪು ದೀಪವನ್ನು ನಂಬಿಕೊಳ್ಳುವುದೂ ಪ್ರಯೋಜನವಿಲ್ಲ. ಆ ದೀಪಗಳನ್ನು ಅಳವಡಿಸುವುದು ವಿಮಾನ, ಹೆಲಿಕಾಪ್ಟರ್‌ಗಳಿಗಾಗಿ. ದೀಪ ಗೋಪುರದ ನೆತ್ತಿಯನ್ನು ತೋರಿಸೀತು, ಅದನ್ನು ಬಿಗಿದು ಕಟ್ಟಿದ ಓರೆ ತಂತಿಗಳನ್ನು ತೋರಿಸದು. ಡ್ರೋನ್‌ಗಳು ಸಂಚರಿಸುವ ಕೆಳಸ್ತರದ ಕಂಬ, ತಂತಿ, ಸಣ್ಣ ಗೋಪುರಗಳಲ್ಲಿ ಹೆಚ್ಚಿನವುಗಳಿಗೆ ದೀಪವೇ ಇರುವುದಿಲ್ಲ. ಹೈಟೆನ್ಷನ್ ಮಾರ್ಗಗಳಲ್ಲಿ ಅಲ್ಲಲ್ಲಿ ತೂಗುಹಾಕುವ ಬಣ್ಣದ ಚೆಂಡುಗಳು ಹಗಲಿಗೆ ಮಾತ್ರ ಉಪಯುಕ್ತ.

ಕೆಳಗಿರುವವರ ಗತಿ

60 ಮೀಟರ್ ಎತ್ತರದಿಂದ ಕಳಚಿ ಬಿದ್ದ ವಸ್ತು ನೆಲ ಮುಟ್ಟಲು ನಾಲ್ಕು ಸೆಕೆಂಡ್‌ನಷ್ಟು ಕಾಲ ಸಾಕು. ಹಗಲಿನಲ್ಲಿ ಜನರು ತಲೆಯೆತ್ತಿ ನೋಡಿ ಪಕ್ಕಕ್ಕೆ ಸರಿಯಲೂಬಹುದು. ಕತ್ತಲೆಯಲ್ಲಿ, ಧ್ವನಿವರ್ಧಕದ ಅಬ್ಬರದ ನಡುವೆ, ಬೀಳುತ್ತಿರುವ ಯಂತ್ರ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ವೃತ್ತಿಪರರು ನಡೆಸುವ ಕಾರ್ಯಕ್ರಮಗಳೂ ಅಪಾಯದಿಂದ ಹೊರತಲ್ಲ. 2015ರ ಡಿಸೆಂಬರ್ 22ರಂದು ಇಟಲಿಯ ಮಡೋನಾ ದಿ ಕಾಂಪಿಗ್ಲಿಯೊದಲ್ಲಿ ದೀಪದ ಬೆಳಕಿನಲ್ಲಿ ನಡೆದ ಸ್ಕೀಯಿಂಗ್ ಸ್ಪರ್ಧೆಯ ವೇಳೆ ಚಿತ್ರೀಕರಣದ ಡ್ರೋನ್ ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ ಅವರ ಬೆನ್ನ ಹಿಂದೆಯೇ ಅಪ್ಪಳಿಸಿತು. ಅವರು ಕೂದಲೆಳೆಯಲ್ಲಿ ಪಾರಾದರು. 2024ರ ಡಿಸೆಂಬರ್ 21ರಂದು ಅಮೆರಿಕದ ಒರ್ಲ್ಯಾಂಡೊ ನಗರದ ಕೆರೆಯಂಗಳದಲ್ಲಿ ನಡೆದ ಡ್ರೋನ್ ಪ್ರದರ್ಶನದಲ್ಲಿ ಹಲವು ಡ್ರೋನ್‌ಗಳು ಪರಸ್ಪರ ಡಿಕ್ಕಿಯಾಗಿ ಉದುರಿದವು. ಅವುಗಳಲ್ಲೊಂದು ಬಡಿದು ಏಳು ವರ್ಷದ ಬಾಲಕ ಗಂಭೀರವಾಗಿ ಗಾಯಗೊಂಡು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಹಾರಾಟಕ್ಕೆ ಮುನ್ನ ನಡೆದ ಸ್ಥಾನ ಹೊಂದಾಣಿಕೆಯ ದೋಷ ತನಿಖೆಯಲ್ಲಿ ಬೆಳಕಿಗೆ ಬಂತು.

ಭಾರತದಲ್ಲಿ 2022ರ ಜನವರಿ 29ರಂದು ದೆಹಲಿಯ ವಿಜಯ ಚೌಕದಲ್ಲಿ ಒಂದು ಸಾವಿರ ಡ್ರೋನ್‌ಗಳ ಪ್ರದರ್ಶನ ಜನಮನ ಸೆಳೆಯಿತು. 2024ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ ಸುಮಾರು 1,500 ಡ್ರೋನ್‌ಗಳು ಚಿತ್ತಾರ ಬಿಡಿಸಿದವು. ಇಂಥ ಪ್ರದರ್ಶನಗಳ ಸುರಕ್ಷತೆ ನಿಂತಿರುವುದು ತೆರೆದ ಮೈದಾನ, ಮೊದಲೇ ಅಳೆದು ಗುರುತಿಸಿದ ಹಾರಾಟದ ಗಡಿ ಹಾಗೂ ಪ್ರೇಕ್ಷಕರಿಂದ ಕಾಯ್ದುಕೊಳ್ಳುವ ಅಂತರದ ಮೇಲೆ. ಛತ್ರದ ಮುಂದಿನ ಇಕ್ಕಟ್ಟಾದ ರಸ್ತೆಯಲ್ಲಿ ಹಾರುವ ಒಂಟಿ ಡ್ರೋನಿಗೆ ಈ ಯಾವ ರಕ್ಷಣೆಯೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 2018ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಮೊದಲ ನಿಯಮಾವಳಿ ಡ್ರೋನ್ ಹಾರಾಟವನ್ನು ಹಗಲು ಹೊತ್ತಿಗೆ ಹಾಗೂ ದೃಷ್ಟಿಯ ವ್ಯಾಪ್ತಿಗೆ ಸೀಮಿತಗೊಳಿಸಿತ್ತು. 2021ರ ಆಗಸ್ಟ್‌ನಲ್ಲಿ ಹೊರಬಂದ ಡ್ರೋನ್ ನಿಯಮಗಳು ಇಡೀ ವ್ಯವಸ್ಥೆಯನ್ನು ಸರಳಗೊಳಿಸಿ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದವು. ಹಸಿರು ವಲಯದಲ್ಲಿ 120 ಮೀಟರ್, ಅಂದರೆ 400 ಅಡಿ ಎತ್ತರದವರೆಗೆ ಪೂರ್ವಾನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪ್ರದೇಶದಲ್ಲಿ ಈ ಮಿತಿ 60 ಮೀಟರ್. ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ, ಎಚ್‌ಎಎಲ್ ನಿಲ್ದಾಣ, ಯಲಹಂಕ ವಾಯುನೆಲೆ, ಜಕ್ಕೂರು ವೈಮಾನಿಕ ಕೇಂದ್ರಗಳಿರುವ ಬೆಂಗಳೂರಿನಲ್ಲಿ ಈ ಅಂಶ ವಿಶೇಷವಾಗಿ ಅನ್ವಯಿಸುತ್ತದೆ. ಜಾತ್ರೆ, ಸಮಾವೇಶ, ಗಣ್ಯರ ಭೇಟಿಯಂಥ ಸಂದರ್ಭಗಳಲ್ಲಿ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲು ಅವಕಾಶವಿದೆ.

250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗಳಿಗೂ, ವಾಣಿಜ್ಯೇತರವಾಗಿ ಬಳಸುವ 2 ಕೆ.ಜಿ.ವರೆಗಿನ ಮೈಕ್ರೊ ಡ್ರೋನ್‌ಗಳಿಗೂ ಚಾಲಕನ ಪ್ರಮಾಣಪತ್ರ ಬೇಕಿಲ್ಲ. ಆದರೆ ಹಣ ಪಡೆದು ಮದುವೆ ಚಿತ್ರೀಕರಿಸುವವರು ಮೈಕ್ರೊ ಡ್ರೋನ್ ಬಳಸಿದರೂ ಪ್ರಮಾಣಪತ್ರ ಹೊಂದಿರಬೇಕು. ವ್ಯಕ್ತಿ ಅಥವಾ ಆಸ್ತಿಗೆ ಅಪಾಯವಾಗುವಂತೆ ಹಾರಿಸುವುದನ್ನು ನಿಯಮಗಳು ಎಲ್ಲ ವರ್ಗಗಳಿಗೂ ನಿಷೇಧಿಸಿವೆ. ಮಾನವಸಹಿತ ವಿಮಾನಕ್ಕೆ ಡ್ರೋನ್ ಸದಾ ದಾರಿ ಬಿಟ್ಟುಕೊಡಬೇಕು.

ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ರಾತ್ರಿ ಹಾರಾಟಕ್ಕೆ ಪ್ರತ್ಯೇಕ ವಿನಾಯಿತಿ ಪಡೆಯಬೇಕಾದ ಅಗತ್ಯವನ್ನು ಕೈಬಿಡಲಾಯಿತು. ಅದಕ್ಕೆ ಬದಲಾಗಿ ರಾತ್ರಿ ಹಾರಾಟದ ಅರಿವನ್ನು ಒಳಗೊಂಡ ಪರೀಕ್ಷೆ ಅಥವಾ ತರಬೇತಿ, ಹಾಗೂ ಸುಮಾರು 4.8 ಕಿ.ಮೀ. ದೂರಕ್ಕೆ ಕಾಣುವ ಮಿನುಗು ದೀಪ ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟದಲ್ಲಿ 2022ರ ಜುಲೈನಿಂದ ರಾತ್ರಿ ಹಾರುವ ಡ್ರೋನಿಗೆ ಹಸಿರು ಮಿನುಗು ದೀಪ ಇರಲೇಬೇಕು. ಈ ದೀಪ ಡ್ರೋನನ್ನು ಇತರರಿಗೆ ತೋರಿಸುತ್ತದೆಯೇ ಹೊರತು ಡ್ರೋನಿಗೆ ದಾರಿ ತೋರಿಸುವುದಿಲ್ಲ ಎಂಬ ವ್ಯತ್ಯಾಸವನ್ನು ಅರಿತಿರಬೇಕು.

ಮುನ್ನೆಚ್ಚರಿಕೆಗಳು

ಹಗಲು ಕಂಡ ಬಾವಿಗೆ ಇರುಳು ಬೀಳದಿರಬೇಕಾದರೆ ಮೊದಲು ಹಗಲಿನಲ್ಲಿ ಬಾವಿಯನ್ನು ಕಂಡಿರಬೇಕು. ರಾತ್ರಿ ಹಾರಿಸುವ ಜಾಗವನ್ನು ಅದೇ ದಿನ ಬೆಳಕಿರುವಾಗ ನಡೆದು ನೋಡಿ ತಂತಿ, ಕಂಬ, ಕೊಂಬೆ, ಗೋಪುರಗಳನ್ನು ಗುರುತಿಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ. ಸಮಾರಂಭಕ್ಕಾಗಿ ಮಧ್ಯಾಹ್ನದ ನಂತರ ಕಟ್ಟಿದ ದೀಪದ ಸರ, ಬ್ಯಾನರ್ ಹಗ್ಗಗಳೂ ಈ ಪಟ್ಟಿಯಲ್ಲಿರಬೇಕು. ಕಂಬ ಕಂಡಲ್ಲಿ, ಕಾಣದಿದ್ದರೂ, ತಂತಿ ಇದ್ದೇ ಇದೆ ಎಂದು ಭಾವಿಸಬೇಕು.

ಸುತ್ತಲಿನ ಅತಿ ಎತ್ತರದ ವಸ್ತುವಿಗಿಂತ ಮೇಲಿರುವಂತೆ, ಆದರೆ ಕಾನೂನಿನ ಮಿತಿಯೊಳಗೆ, ಮರಳುವ ಎತ್ತರವನ್ನು ನಿಗದಿಪಡಿಸಬೇಕು. ಮೊದಲು ನೇರವಾಗಿ ಮೇಲಕ್ಕೇರಿಸಿ ನಂತರವಷ್ಟೇ ಅಡ್ಡ ಚಲಿಸಬೇಕು. ಇಳಿಸುವಾಗಲೂ ಇದೇ ಕ್ರಮ. ಸೆನ್ಸರ್‌ಗಳು ಇಲ್ಲವೇ ಇಲ್ಲ ಎಂದು ತಿಳಿದು ವೇಗವನ್ನು ಮಿತಿಗೊಳಿಸಬೇಕು. ಹಿಮ್ಮುಖವಾಗಿ ಹಾಗೂ ಪಕ್ಕಕ್ಕೆ ಸಾಗುವ ದೃಶ್ಯಗಳನ್ನು ರಾತ್ರಿ ತೆಗೆಯದಿರುವುದು ಲೇಸು. ಪರದೆಯ ಪ್ರಖರತೆಯನ್ನು ತಗ್ಗಿಸಬೇಕು. ಪರದೆ ನೋಡುವ ಚಾಲಕನ ಪಕ್ಕದಲ್ಲಿ ಆಕಾಶವನ್ನೇ ನೋಡುವ ಇನ್ನೊಬ್ಬ ಸಹಾಯಕ ಇರಬೇಕು. ಮಂಜು ಕವಿಯುವ ಕೊಡಗು, ಚಿಕ್ಕಮಗಳೂರಿನಂಥ ಪ್ರದೇಶಗಳಲ್ಲಿ ಮಸೂರದ ಮೇಲೆ ಇಬ್ಬನಿ ಕೂರುವುದನ್ನು ಗಮನದಲ್ಲಿಡಬೇಕು. ಜನರ ತಲೆಯ ಮೇಲೆ ಹಾರಿಸುವುದನ್ನು ಸಂಪೂರ್ಣ ವರ್ಜಿಸಬೇಕು.

ಸಮಾರಂಭ ಏರ್ಪಡಿಸುವವರ ಹೊಣೆಯೂ ಇದರಲ್ಲಿದೆ. ದೀಪಾಲಂಕಾರದ ವೈಮಾನಿಕ ದೃಶ್ಯ ಬೇಕೇ ಬೇಕೆಂದು ಒತ್ತಾಯಿಸುವ ಬದಲು ಸೂರ್ಯ ಮುಳುಗುವ ಮುನ್ನ, ದೀಪಗಳು ಆಗಷ್ಟೇ ಹೊತ್ತಿರುವ ಹೊತ್ತಿನಲ್ಲಿ ಚಿತ್ರೀಕರಣ ಮುಗಿಸಲು ಅವಕಾಶ ಕೊಡಬಹುದು. ಆ ವೇಳೆಯ ಚಿತ್ರಗಳು ಕಡುಗತ್ತಲಿನ ಚಿತ್ರಗಳಿಗಿಂತ ಸೊಗಸಾಗಿರುತ್ತವೆ ಎಂಬುದು ಛಾಯಾಗ್ರಾಹಕರಿಗೆ ತಿಳಿದ ವಿಷಯ.

ಸಿಕ್ಕಿಕೊಂಡರೆ ಏನು ಮಾಡಬೇಕು?

ಡ್ರೋನ್ ವಿದ್ಯುತ್ ತಂತಿಗೆ ಸಿಕ್ಕಿಕೊಂಡರೆ ಕೋಲು, ದೋಟಿ, ಏಣಿಗಳಿಂದ ಬಿಡಿಸಲು ಯತ್ನಿಸುವುದು ಪ್ರಾಣಕ್ಕೆ ಎರವಾಗುತ್ತದೆ. ಇಬ್ಬನಿಯಿಂದ ತೇವಗೊಂಡ ಬಿದಿರಿನಲ್ಲೂ ವಿದ್ಯುತ್ ಹರಿಯಬಲ್ಲದು. ಜನರನ್ನು ದೂರ ಸರಿಸಿ, ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ತಿಳಿಸುವುದೇ ಸರಿಯಾದ ಮಾರ್ಗ. ನೆಲಕ್ಕೆ ಬಿದ್ದ ಡ್ರೋನಿನ ಲಿಥಿಯಂ ಬ್ಯಾಟರಿ ಜಜ್ಜಿಹೋಗಿದ್ದರೆ ತುಸು ಹೊತ್ತಿನ ಬಳಿಕವೂ ಹೊತ್ತಿಕೊಳ್ಳಬಹುದು. ಅದನ್ನು ಕಾರಿನೊಳಗೆ ಅಥವಾ ಚೀಲದಲ್ಲಿ ಇಡಬಾರದು. ಅಪಘಾತ ಸಂಭವಿಸಿದ 48 ಗಂಟೆಗಳೊಳಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಆನ್‌ಲೈನ್ ಮೂಲಕ ವರದಿ ಸಲ್ಲಿಸಬೇಕೆಂದು 2021ರ ನಿಯಮಗಳು ವಿಧಿಸಿವೆ.

ತಂತ್ರಜ್ಞಾನ ದಿನೇ ದಿನೇ ಸುಧಾರಿಸುತ್ತಿದೆ. ಆದರೂ ಒಂದು ಸೆಂ.ಮೀ. ದಪ್ಪದ ತಂತಿ ಕತ್ತಲೆಯಲ್ಲಿ ಕಾಣುವುದಿಲ್ಲ ಎಂಬ ಸಂಗತಿ ಬದಲಾಗಿಲ್ಲ. ಆ ತಂತಿ ಎಲ್ಲಿದೆ ಎಂಬುದನ್ನು ಹಗಲಿನಲ್ಲೇ ತಿಳಿದುಕೊಂಡವನು ಮಾತ್ರ ಇರುಳಿನಲ್ಲಿ ಡ್ರೋನ್ ಹಾರಿಸಲು ಅರ್ಹ.